ರಾತ್ರಿ 2.10ರ ಮಳೆ

ಬಚ್ಚಲೊಲೆಯ ಹತ್ತಿರ ಸರಿದು ಕೂತುಕೊಳ್ಳಿ. ಕೆಂಡದಲ್ಲಿ ಹಲಸಿನ ಬೀಜ ಬೇಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ. ಅವತ್ತೂ ಹೀಗೇ ಹೊಯ್ಯುತ್ತಿತ್ತು. 1998ರ ಜೂನ್. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಪೊಟ್ಯಾಷ್ ಗೊಬ್ಬರದ ಹಡಗು ನಿಂತಿತ್ತು. ನಾನು ಒಂದು ಶಿಪ್ಪಿಂಗ್ ಏಜೆನ್ಸಿಗೆ ಸೇರಿ ಎರಡು ವರ್ಷವಾಗಿತ್ತು.

ಹಗಲು ಹಡಗು, ರಾತ್ರಿ ಓದು. ಲಂಡನ್ನಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಶಿಪ್‌ಬ್ರೋಕರ್ಸ್ ಎಂಬ ಸಂಸ್ಥೆಯಿದೆ. 1911ರಲ್ಲಿ ಹುಟ್ಟಿ, 1920ರಲ್ಲಿ ರಾಜಸನದು ಪಡೆದದ್ದು. ಅದರ ಪರೀಕ್ಷೆ ಪಾಸು ಮಾಡಬೇಕೆಂಬ ಹಟ ನನಗೆ. ಟ್ಯೂಟರ್‌ಶಿಪ್ ಎಂಬ ಪಾಠ ಅಂಚೆಯಲ್ಲಿ ಬರುತ್ತಿತ್ತು. ಉತ್ತರ ಬರೆದು ಕಳಿಸಿದರೆ, ಮುಖ ಕಾಣದ ಯಾರೋ ಒಬ್ಬರು ತಿದ್ದಿ ವಾಪಸು ಕಳಿಸುತ್ತಿದ್ದರು. ಆ ಕೆಂಪು ಶಾಯಿಯ ಟಿಪ್ಪಣಿಗಳನ್ನು ನಾನು ಎಷ್ಟು ಸಲ ಓದಿದ್ದೇನೋ.

ಆ ತಿಂಗಳು ನಾನು ಬಾಯಿಪಾಠ ಮಾಡಿದ್ದು ಲೇಟೈಮ್. ಹಡಗನ್ನು ಬಾಡಿಗೆಗೆ ಹಿಡಿದವನು ಇಷ್ಟು ದಿನದೊಳಗೆ ಸರಕು ಹೇರಬೇಕು ಅಥವಾ ಇಳಿಸಬೇಕು ಎಂದು ಕರಾರಿನಲ್ಲಿರುತ್ತದೆ, ಅದೇ ಲೇಟೈಮ್. ಮೀರಿದರೆ ಹಡಗಿನ ಮಾಲೀಕನಿಗೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕು, ಅದು ಡೆಮರೇಜ್. 'ವೆದರ್ ವರ್ಕಿಂಗ್ ಡೇ' ಎಂದು ಬರೆದಿದ್ದರೆ, ಮಳೆಯಿಂದ ಕೆಲಸ ನಿಂತ ಹೊತ್ತನ್ನು ಬಿಟ್ಟು ಎಣಿಸಬೇಕು. ಆದರೆ ಲೇಟೈಮ್ ಮುಗಿದು ಡೆಮರೇಜ್ ಶುರುವಾಯಿತೋ, ಆಮೇಲೆ ಆಕಾಶವೇ ಕಳಚಿ ಬಿದ್ದರೂ ಗಡಿಯಾರ ನಿಲ್ಲುವುದಿಲ್ಲ. ಇಷ್ಟೂ ನನಗೆ ನಿದ್ದೆಯಲ್ಲೂ ಬರುತ್ತಿತ್ತು.

ನಮ್ಮ ಹಡಗಿನಲ್ಲಿ 18,000 ಟನ್ ಗೊಬ್ಬರ, ದಿನಕ್ಕೆ 1,500 ಟನ್ನಿನಂತೆ ಹನ್ನೆರಡು 'ವೆದರ್ ವರ್ಕಿಂಗ್ ಡೇ'. ಡೆಮರೇಜ್ ದಿನಕ್ಕೆ 4,800 ಡಾಲರ್. ಯಾವಾಗ ಕೆಲಸ ನಡೆಯಿತು, ಯಾವಾಗ ನಿಂತಿತು ಎಂಬುದನ್ನೆಲ್ಲ 'ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್' ಎಂಬ ಹಾಳೆಯಲ್ಲಿ ಬರೆದು ಕ್ಯಾಪ್ಟನ್ನಿನ ಸಹಿ ಹಾಕಿಸುವುದು ಏಜೆಂಟಿನ ಕೆಲಸ. ಅಂದರೆ ನನ್ನದು.

ಹಡಗು ಹೊರಡುವ ದಿನ ಕ್ಯಾಪ್ಟನ್ ಹಾಳೆಯನ್ನು ನಿಧಾನವಾಗಿ ಓದಿದರು. ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಹಡಗಿನ ದಿನಚರಿ ಪುಸ್ತಕ, ಡೆಕ್ ಲಾಗ್, ತಂದು ನನ್ನೆದುರು ಬಿಡಿಸಿದರು. ಒಂದು ರಾತ್ರಿ ನಾನು ಬರೆದದ್ದು 2ರಿಂದ 4ರವರೆಗೆ ಮಳೆ. ಲಾಗ್‌ನಲ್ಲಿ 2.10ಕ್ಕೆ ಶುರು, 3.20ಕ್ಕೆ ಬಂದ್. ಇನ್ನೊಂದು ರಾತ್ರಿಯೂ ಹಾಗೇ, ಮತ್ತೊಂದೂ ಹಾಗೇ. ಆ ರಾತ್ರಿಗಳಲ್ಲಿ ನಾನು ಏಜೆನ್ಸಿಯ ಕೋಣೆಯಲ್ಲಿ ದೀಪ ಹಾಕಿಕೊಂಡು ಲೇಟೈಮ್ ಓದುತ್ತಿದ್ದೆ. ಬೆಳಗ್ಗೆ ಬಂದು ಯಾರನ್ನೋ ಕೇಳಿ, ಗಂಟೆಗೆ ಸರಿಹೊಂದಿಸಿ ಬರೆದಿದ್ದೆ. ಹೀಗೆ ಹೆಚ್ಚಾಗಿ ಬರೆದ ಮಳೆ ಒಟ್ಟು ಮೂರು ಗಂಟೆ. ಡೆಮರೇಜಿನಲ್ಲಿ ಅಷ್ಟು ಹೊತ್ತು ಕಡಿತವಾಗಿ ಹಡಗಿನ ಮಾಲೀಕನಿಗೆ 600 ಡಾಲರ್ ನಷ್ಟ, ನನ್ನ ಎಂಟು ತಿಂಗಳ ಸಂಬಳ. ಕ್ಯಾಪ್ಟನ್ ಗದರಲಿಲ್ಲ. ಸಹಿ ಮಾಡುವುದಿಲ್ಲ ಎಂದಷ್ಟೇ ಹೇಳಿದರು. ನನಗೆ ಮುಖ ಎತ್ತಲಾಗಲಿಲ್ಲ.

ಹಾಗಂತ ಅವರ ಲಾಗ್ ಒಂದನ್ನೇ ನಂಬಿ ಬರೆದರೆ, ಬಾಡಿಗೆಗೆ ಹಿಡಿದವನ ಕಡೆಯವರು ಒಪ್ಪಬೇಕಲ್ಲ? ಗ್ಯಾಂಗ್‌ವೇ ಇಳಿದು ಧಕ್ಕೆಗೆ ಬಂದೆ. ಶೆಡ್ಡಿನ ಕೆಳಗೆ ಕೂಲಿಗಳ ಫೋರ್‌ಮನ್ ಬೀಡಿ ಸೇದುತ್ತ ನಿಂತಿದ್ದರು. ಬೈಕಂಪಾಡಿಯವರು, ನನ್ನ ಅಪ್ಪನಷ್ಟು ವಯಸ್ಸು. ವಿಷಯ ಹೇಳಿದೆ.

"ಅಲ್ಲ ಮಾರಾಯ್ರೇ, ಮಳೆ ಗಡಿಯಾರ ನೋಡಿ ಬರ್ತದಾ?" ಎಂದರು.

ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಸಣ್ಣ ಪುಸ್ತಕ ತೆಗೆದರು. ತಮ್ಮ ಗ್ಯಾಂಗು ಎಷ್ಟು ಹೊತ್ತು ಸುಮ್ಮನೆ ನಿಂತಿತೆಂಬ ಲೆಕ್ಕ, ಎಲ್ಲ ಕನ್ನಡ ಅಂಕಿಯಲ್ಲಿ. ಆ ರಾತ್ರಿಯ ಪುಟದಲ್ಲಿ ೨.೧೦ ಎಂದೇ ಇತ್ತು. ನನ್ನ ಮೈ ಜುಮ್ಮೆಂದಿತು. ಒಬ್ಬರನ್ನೊಬ್ಬರು ಮಾತಾಡಿಸದ ಇಬ್ಬರು, ಒಬ್ಬರು ಬ್ರಿಡ್ಜ್ ಮೇಲೆ, ಒಬ್ಬರು ಧಕ್ಕೆಯ ಮೇಲೆ, ಒಂದೇ ಹನಿಯನ್ನು ಬರೆದಿಟ್ಟಿದ್ದರು. ಆದರೆ ನಿಂತದ್ದು ಕ್ಯಾಪ್ಟನ್ನಿಗೆ 3.20, ಇವರಿಗೆ 3.35.

"ಇದು ಯಾಕೆ ಹೀಗೆ, ಅಣ್ಣ?"

"ಮಳೆ ಬಿಟ್ಟ ಕೂಡಲೇ ಕ್ರೇನಿನ ಗ್ರ್ಯಾಬ್ ಇಳೀತದಾ? ಮೇಲೆ ನಿಂತ ನೀರು ಬಳಿದು ಚೆಲ್ಲಬೇಕು, ಹ್ಯಾಚಿನ ಮುಚ್ಚಳ ತೆಗೀಬೇಕು. ಪೊಟ್ಯಾಷಿಗೆ ನೀರು ಬಿದ್ರೆ ಗಟ್ಟಿಯಾಗ್ತದೆ. ಹದಿನೈದು ನಿಮಿಷ ಬೇಡ್ವಾ?"

ಎರಡೂ ಹೊತ್ತನ್ನು ಬೇರೆಬೇರೆಯಾಗಿ ನಮೂದಿಸಿ ಹೊಸ ಹಾಳೆ ಟೈಪ್ ಮಾಡಿದೆ. ಕ್ಯಾಪ್ಟನ್ ಸಹಿ ಹಾಕಿದರು. ಹಡಗು ಸಂಜೆ ಹೊರಟಿತು. ಆ ಹದಿನೈದು ನಿಮಿಷ ಯಾರ ಪಾಲಿಗೆ ಎಂಬುದನ್ನು ಲಂಡನ್ನಿನಲ್ಲಿ ಕೂತವರು ವಾದಿಸಿಕೊಳ್ಳಲಿ. ನಡೆದದ್ದನ್ನು ನಡೆದ ಹಾಗೆ ಬರೆಯುವುದಷ್ಟೇ ನನ್ನ ಕೆಲಸ.

ಮುಂದಿನ ಏಪ್ರಿಲ್‌ನಲ್ಲಿ ಕೊಂಕಣ ರೈಲು ಹತ್ತಿ ಮುಂಬೈಗೆ ಹೋಗಿ ಪರೀಕ್ಷೆ ಬರೆದೆ. ಮೂರು ಗಂಟೆ, ಎಂಟರಲ್ಲಿ ಐದು ಪ್ರಶ್ನೆ. ಡ್ರೈ ಕಾರ್ಗೋ ಪತ್ರಿಕೆಯಲ್ಲಿ ಲೇಟೈಮ್ ಲೆಕ್ಕವೂ ಬಂದಿತ್ತು, ಮಳೆಯ ಹೊತ್ತುಗಳ ಸಮೇತ. ಪಾಸಾದ ಕಾಗದ ಬಂದ ದಿನ ಮೊದಲು ಧಕ್ಕೆಗೇ ಹೋದೆ. ಫೋರ್‌ಮನ್ ಬಹಳ ಸಂತೋಷಪಟ್ಟರು. ಪ್ರಶ್ನೆ ಏನಿತ್ತೆಂದು ಕೇಳಿ, ಲೆಕ್ಕವನ್ನು ಮೊದಲಿನಿಂದ ಹೇಳಿಸಿದರು. ಕಣ್ಣು ಮುಚ್ಚಿ ಕೇಳಿದರು.

"ಹ್ಯಾಚ್ ತೆಗೀಲಿಕ್ಕೆ ಎಷ್ಟು ಹೊತ್ತು ಕೊಟ್ಟಿದ್ರು?"

"ಅದು ಪ್ರಶ್ನೆಯಲ್ಲಿ ಇರ್ಲಿಲ್ಲ, ಅಣ್ಣ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಆಕಾಶ ನೋಡಿ, ಜೇಬಿನಿಂದ ಪುಸ್ತಕ ತೆಗೆದರು.