ಬಾಲದ ಬುಡದ ಬಿಳಿ

12 ನವೆಂಬರ್ 2023, ಭಾನುವಾರ. ಬ್ಯಾಡಗಿ

ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಹೊಸ ಕೀರ್ದಿಗೆ ಕುಂಕುಮ ಹಚ್ಚಿದ್ದು ನಾನೇ. ಬರದ ವರ್ಷ, ಸಾವ್ಕಾರ್ರು ಪಟಾಕಿ ತರಿಸಲಿಲ್ಲ.

ಬೆಳಿಗ್ಗೆ ಕದರಮಂಡಲಗಿ ರಸ್ತೆಯಲ್ಲಿ ಅಡ್ಡಾಡಲು ಹೋದಾಗ ಹುಣಸೆಮರದ ನೆತ್ತಿಯಲ್ಲಿ ಒಂದು ಹಕ್ಕಿ. ಗುಬ್ಬಿಗಿಂತ ಒಂಚೂರು ಉದ್ದ. ಒಣಕಡ್ಡಿಯ ಮೇಲೆ ನೆಟ್ಟಗೆ ಕೂತಿತ್ತು. ಹಾರಿ, ಗಾಳಿಯಲ್ಲೇ ಏನನ್ನೋ ಹಿಡಿದು, ಮತ್ತೆ ಅದೇ ಕಡ್ಡಿಗೆ. ಮೂರು ಸಲ. ಮೈಯೆಲ್ಲ ಮಬ್ಬು ನೀಲಿ. ಕಣ್ಣಿನ ಮುಂದೆ ಕಪ್ಪು. ಎದೆಯಲ್ಲಿ ಕೇಸರಿ ಇಲ್ಲ. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು.

ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನವಂತೆ ಇವತ್ತು. ಪಕ್ಕದ ಮನೆಯ ಹುಡುಗ ಹೇಳಿದ.

16 ನವೆಂಬರ್, ಗುರುವಾರ

ಹುಡುಗನ ಪುಸ್ತಕ ತಂದು ನೋಡಿದೆ. ನೊಣಹಿಡುಕ, ಅದರಲ್ಲಿ ಅನುಮಾನ ಇಲ್ಲ. ಎದೆಯಲ್ಲಿ ಕೇಸರಿ ಇದ್ದಿದ್ದರೆ ಟಿಕೆಲ್ಲನ ನೀಲಿ ನೊಣಹಿಡುಕ, ಇಲ್ಲಿನದೇ. ಅದಲ್ಲ. ಉಳಿದದ್ದು ಎರಡು.

ಒಂದು ವರ್ಡಿಟರ್. ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಕೆಳಗೆ, ದಕ್ಷಿಣದವರೆಗೂ ಬರುತ್ತದೆ. ತಾಮ್ರದಿಂದ ಮಾಡುತ್ತಿದ್ದ ಒಂದು ಬಣ್ಣದ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ತಾಮ್ರದ ಕೊಡಕ್ಕೆ ಕಿಲುಬು ಹಿಡಿದಾಗ ಇರುತ್ತದಲ್ಲ, ಹಸಿರು ಬೆರೆತ ನೀಲಿ, ಅದು.

ಇನ್ನೊಂದು ನೀಲಗಿರಿ ನೊಣಹಿಡುಕ. ಪಶ್ಚಿಮಘಟ್ಟದ್ದು ಮಾತ್ರ. ನೀಲಗಿರಿ, ಪಳನಿ, ನಮ್ಮ ಬಿಳಿಗಿರಿರಂಗನ ಬೆಟ್ಟ. ಎತ್ತರದ ಶೋಲಾ ಕಾಡಿನ ಹಕ್ಕಿ. ಬಣ್ಣ ಇನ್ನೂ ಗಾಢ. ಬಾಲದ ಬುಡದಲ್ಲಿ ಎರಡು ಬಿಳಿ ಮಚ್ಚೆ.

ಚಿತ್ರದಲ್ಲಿ ವರ್ಡಿಟರ್ ಹೊಳೆಯುತ್ತದೆ. ನಾನು ಕಂಡದ್ದಕ್ಕೆ ಹೊಳಪೇ ಇರಲಿಲ್ಲ. ಹಾಗಾದರೆ?

3 ಡಿಸೆಂಬರ್, ಭಾನುವಾರ. ರಾಣೆಬೆನ್ನೂರು

ಅಕ್ಕನ ಮನೆಗೆ ಬಂದವನು ಹುಡುಗನ ಜತೆ ಅಭಯಾರಣ್ಯಕ್ಕೆ ಹೋದೆ. ನೀಲಗಿರಿ ತೋಪು. ಮರಕ್ಕೂ ಹಕ್ಕಿಗೂ ಒಂದೇ ಹೆಸರು, ಇದೊಂದು ತಮಾಷೆ. ಮರ ಆಸ್ಟ್ರೇಲಿಯಾದ್ದು. ಚಿಗರಿ ಹನ್ನೊಂದು ಎಣಿಸಿದೆ, ಹುಡುಗ ಹದಿನಾಲ್ಕು ಅಂದ. 1974ರಲ್ಲಿ 119 ಚದರ ಕಿಲೋಮೀಟರಿಗೆ ಅಭಯಾರಣ್ಯ ಅಂತ ಬೋರ್ಡು ಬಿದ್ದದ್ದು ಚಿಗರಿಗೂ ಎರೆಭೂತ ಹಕ್ಕಿಗೂ. ಎರೆಭೂತಕ್ಕೆ ಬೇಕಾದದ್ದು ಬಯಲು ಹುಲ್ಲುಗಾವಲು. ಬೆಳೆದದ್ದು ತೋಪು.

ನೀಲಿ ಹಕ್ಕಿ ಸಿಗಲಿಲ್ಲ. ದಾರಿಯಲ್ಲಿ ಹುಡುಗನಿಗೆ ಅದರ ಸುದ್ದಿ ಹೇಳಿದೆ. “ಗಾಢ ನೀಲಿ” ಅಂದೆ. ಮಬ್ಬು ಅಂತ ಬಾಯಿಗೆ ಬರಲಿಲ್ಲ. ಬಾಲದ ಬುಡದಲ್ಲಿ ಬಿಳಿ ಇತ್ತು ಅನಿಸುತ್ತದೆ ಅಂತಲೂ ಅಂದೆ.

ಅನಿಸುತ್ತದೆ, ಹೌದು.

14 ಡಿಸೆಂಬರ್, ಗುರುವಾರ

ಇವತ್ತಿನದು ಇಲ್ಲಿ ಮಾತ್ರ ಬರೆಯುವುದು. ಮೆಣಸಿನಕಾಯಿಯ ಒಂದು ಲಾಟು ನೋಡಿ ಡಬ್ಬಿ ಅಂದೆ, ಬಣ್ಣ ಚೆನ್ನಾಗಿದೆ ಅಂದೆ. ಚೀಲ ಸುರಿದಾಗ ಅರ್ಧಕ್ಕರ್ಧ ಹಳೇ ಮಾಲು, ಬಣ್ಣ ಕಂದಿದ್ದು. ಖರೀದಿದಾರ ನಕ್ಕ. ಹಮಾಲರು ನಗಲಿಲ್ಲ, ಅದು ಇನ್ನೂ ಕಷ್ಟ.

ಮೂವತ್ತೊಂದು ವರ್ಷ ಇದೇ ಕೆಲಸ. ಡಬ್ಬಿ, ಕಡ್ಡಿ, ಗುಂಟೂರು, ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಕಾರ್ಖಾನೆಯವರು ಅದರ ಕೆಂಪನ್ನು ಎಣ್ಣೆಯಾಗಿ ಇಳಿಸುತ್ತಾರೆ, ತುಟಿಗೆ ಬಳಿಯುವ ಬಣ್ಣಕ್ಕೂ ಹೋಗುತ್ತದೆ. ನನ್ನ ಸಂಬಳವೂ ಆ ಬಣ್ಣದ್ದೇ.

ಮನೆಯಾಕೆ ಊಟಕ್ಕಿಡುತ್ತ, “ಮೊದ್ಲ ಕಣ್ಣ ತೋರಸ್ರಿ. ನಿನ್ನೆ ನನ್ನ ನೀಲಿ ಸೀರಿಗೆ ಕರಿ ಅಂದ್ರಿ.” ಲೈಟು ಮಂದ ಇತ್ತು ಅಂದೆ.

24 ಡಿಸೆಂಬರ್, ಭಾನುವಾರ

ಕಂಡಿತು! ಅದೇ ಹುಣಸೆ, ಅದೇ ಕಡ್ಡಿ. ಏಳು ಗಂಟೆ. ಸೂರ್ಯ ಅದರ ಬೆನ್ನ ಹಿಂದೆ, ಬರೀ ನೆರಳಿನ ಹಾಗೆ. ಎಷ್ಟು ಹೊತ್ತು ನಿಂತೆನೋ. ಎಮ್ಮೆ ಹೊಡೆದುಕೊಂಡು ಹೊರಟವನು “ಏನ್ರೀ ಯಜಮಾನ್ರ, ಹುಣಸಿಹಣ್ಣ ಎಣಸಾಕತ್ತೀರೇನು?” ಅಂದ.

ಬಾಲ ನೋಡಲೇಬೇಕು ಅಂತ ಹೋಗಿದ್ದೆ. ಅದು ಹಾರುವಾಗ ಕಣ್ಣು ಅದರ ಬಾಯಿಯ ಹುಳದ ಮೇಲಿತ್ತು.

15 ಜನವರಿ 2024, ಸೋಮವಾರ

ಸಂಕ್ರಾಂತಿ. ಎಳ್ಳುಬೆಲ್ಲ. ಕಾಗಿನೆಲೆಗೆ ಹೋಗಿಬಂದೆವು, ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಹಕ್ಕಿಯ ನೆನಪೇ ಆಗಲಿಲ್ಲ. ಆಮೇಲೆ ರಾತ್ರಿ ಆಯಿತು.

ಅದು ನೀಲಗಿರಿಯದೇ ಆಗಿರಬೇಕು ಅಂತ ಯಾಕೆ ಇಷ್ಟು ಆಸೆ? ಹಿಮಾಲಯದಿಂದ ಅಷ್ಟು ದೂರ ಹಾರಿ ಬಂದದ್ದೇನು ಸಣ್ಣದೇ? ಆದರೆ ಅದು ಎಲ್ಲರಿಗೂ ಬರುತ್ತದೆ. ಬೆಟ್ಟ ಬಿಟ್ಟು ಇಳಿಯದ ಹಕ್ಕಿ ಈ ಒಣ ಸೀಮೆಗೆ, ಒಬ್ಬ ಗುಮಾಸ್ತನ ಕಣ್ಣಿಗೆ ಬಿದ್ದರೆ ಅದು ಬೇರೆ. ನಾಚಿಕೆ ಆಗುತ್ತದೆ ಬರೆಯಲು.

17 ಫೆಬ್ರವರಿ, ಶನಿವಾರ

ಹುಡುಗ ನಿನ್ನೆಯಿಂದ ಹಿತ್ತಲ ಹಕ್ಕಿ ಎಣಿಸುತ್ತಿದ್ದಾನೆ. ಜಗತ್ತಿನಲ್ಲೆಲ್ಲ ಈ ನಾಲ್ಕು ದಿನ ಎಣಿಸುತ್ತಾರಂತೆ, 19ರವರೆಗೆ. ನನ್ನನ್ನೂ ಕರೆದುಕೊಂಡು ಹೋದ. ಕಾಗೆ, ಮೈನಾ, ಪಿಕಳಾರ, ಕಾಜಾಣ. ಹುಣಸೆಯ ಹತ್ತಿರ ಬಂದಾಗ ಒಂದು ನೀಲಿ ಮಿಂಚಿ ಹೋಯಿತು. ಅವನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ, ನೋಡಲಿಲ್ಲ.

“ಅದಾ ಏನ್ರಿ ಕಾಕಾ?”
“ಅದಾ.”
“ಬಾಲದ ಬುಡದಾಗ ಬಿಳಿ ನೋಡೀರಿ?”
“ನೋಡೇನಿ.”

ಅವನು ನೀಲಗಿರಿ ಅಂತ ಒತ್ತಿದ.

19 ಫೆಬ್ರವರಿ, ಸೋಮವಾರ

ಮಾರುಕಟ್ಟೆ ದಿನ. ಚೀಲದ ಮೇಲೆ ಚೀಲ, ಘಾಟಿಗೆ ಊರೆಲ್ಲ ಸೀನು. ಹತ್ತು ಗಂಟೆಗೆ ಹುಡುಗ ಅಂಗಡಿಗೇ ಬಂದ. ಪಟ್ಟಿ ಪರಿಶೀಲಿಸುವವರು ಕೇಳಿದ್ದಾರಂತೆ: ಈ ಜಾಗದಲ್ಲಿ ನೀಲಗಿರಿ ನೊಣಹಿಡುಕ ಅಪರೂಪ, ಫೋಟೋ ಉಂಟೇ, ಏನು ಗುರುತು ಕಂಡಿರಿ. ಅವನ ಮುಖದಲ್ಲಿ ಖುಷಿ. “ಅಪರೂಪ ಅಂತ ಕಾಕಾ!”

ಕಂಡದ್ದನ್ನು ಬರೆದುಕೊಡಿ ಅಂದ. ಟೆಂಡರ್ ಮುಗಿಯಲಿ ಅಂದೆ.

20 ಫೆಬ್ರವರಿ

ಬರೆದುಕೊಟ್ಟೆ. ನಾಲ್ಕು ಸಾಲು. ಬಿಳಿಯನ್ನು ಮೊದಲನೇ ಸಾಲಿನಲ್ಲೇ.

11 ಮಾರ್ಚ್, ಸೋಮವಾರ. ರಾತ್ರಿ

ದರ ಇಳಿಯಿತು. ರೈತರು ರೊಚ್ಚಿಗೆದ್ದರು. ವಾಹನಗಳಿಗೆ ಬೆಂಕಿ. ಷಟರ್ ಎಳೆದುಕೊಂಡು ಒಳಗೆ ಕೂತೆವು, ನಾನು, ಇಬ್ಬರು ಹಮಾಲರು, ಸವಣೂರ ಕಡೆಯ ಒಬ್ಬ ರೈತ. ಅವನದು ಇಪ್ಪತ್ತೆರಡು ಚೀಲ. ಬೋರಿನ ನೀರು ಕೊಟ್ಟು ಉಳಿಸಿದ್ದು. ಷಟರಿನ ಸಂದಿಯಿಂದ ಹೊಗೆ ಬಂತು, ಘಾಟಿನದೋ ಟೈರಿನದೋ ತಿಳಿಯಲಿಲ್ಲ. ಅವನು ಒಂದು ಕಾಯಿ ಮುರಿದು ನನ್ನ ಅಂಗೈಯಲ್ಲಿಟ್ಟ. “ನೀವ ಹೇಳ್ರಿ, ಈ ಬಣ್ಣಕ್ಕ ಏನ್ ಕಮ್ಮಿ ಆಗೇತಿ?”

ಒಳಗೆ ಕತ್ತಲೆ. ನನಗೆ ಬಣ್ಣವೇ ಕಾಣಲಿಲ್ಲ. ಏನೂ ಕಮ್ಮಿ ಇಲ್ಲ ಅಂದೆ.

15 ಮಾರ್ಚ್, ಶುಕ್ರವಾರ. ಹಾವೇರಿ

ಬಲಗಣ್ಣಿನ ಪೊರೆ ತೆಗೆದರು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಇಷ್ಟಕ್ಕೆ ಎರಡು ವರ್ಷ ಹೆದರಿದ್ದೆ. ಎಡಗಣ್ಣಿಗೆ ಜೂನ್‌ನಲ್ಲಿ ಬನ್ನಿ ಅಂದರು. ಸಾವ್ಕಾರ್ರಿಗೆ ಹೊಟ್ಟೆನೋವು ಅಂತ ಹೇಳಿ ಬಂದಿದ್ದೇನೆ.

16 ಮಾರ್ಚ್

ಪಟ್ಟಿ ಬಿಚ್ಚಿದರು. ನರ್ಸಮ್ಮನ ಸೀರೆ, ಗೋಡೆ, ಕಿಟಕಿಯ ಆಚೆ ಆಕಾಶ. ನೀಲಿ ಅಂದರೆ ಇದಾ?

ಬಸ್ ಸ್ಟ್ಯಾಂಡಿನಲ್ಲಿ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತ ಕೂತೆ. ಎಡಗಣ್ಣಲ್ಲಿ ಅಂಗಡಿಯವನ ಅಂಗಿ ಹಳೇ ಪಂಚೆಯ ಹಾಗೆ ಹಳದಿ. ಬಲಗಣ್ಣಲ್ಲಿ ಹಾಲಿನಂಥ ಬಿಳಿ. ಡಾಕ್ಟರು ಹೇಳಿದ್ದರು, ಪೊರೆ ಹಳದಿಗಟ್ಟಿದಾಗ ಮೊದಲು ತಿನ್ನುವುದು ನೀಲಿಯನ್ನೇ ಅಂತ. ಕೆಂಪು ಕಡೆಗೆ ಹೋಗುತ್ತದಂತೆ.

ಹೊಳಪಿಲ್ಲ ಅಂತ ತಾನೇ ನಾನು ವರ್ಡಿಟರನ್ನು ಬಿಟ್ಟದ್ದು.

24 ಮಾರ್ಚ್, ಭಾನುವಾರ

ಹುಣಸೆ. ಆರೂವರೆಯಿಂದ ಎಂಟೂವರೆ. ಕಪ್ಪು ಕನ್ನಡಕ ತೆಗೆದು ಬೈಸಿಕೊಂಡೆ. ಒಣಕಡ್ಡಿ ಅಲ್ಲೇ ಇದೆ, ಅದರ ಮೇಲೆ ಕಾಜಾಣ.

ವರ್ಡಿಟರ್ ಆಗಿದ್ದರೆ ಹೊರಟಿರಬೇಕು, ಅದು ಹೋಗುವ ಕಾಲ. ನೀಲಗಿರಿಯದಾಗಿದ್ದರೆ? ದಾರಿ ತಪ್ಪಿ ಬಂದದ್ದು, ಅದೂ ಹೋಗಿರಬಹುದು. ಇಲ್ಲದಿರುವುದರಿಂದ ಏನೂ ಗೊತ್ತಾಗುವುದಿಲ್ಲ.

9 ಏಪ್ರಿಲ್, ಮಂಗಳವಾರ. ಯುಗಾದಿ

ಮಧ್ಯಾಹ್ನ ಎಲ್ಲರೂ ಮಲಗಿದಾಗ ನವೆಂಬರ್ 12ರ ಪುಟ ತೆಗೆದೆ. ಎರಡು ಸಲ ಓದಿದೆ. ಗುಬ್ಬಿಗಿಂತ ಉದ್ದ ಇದೆ, ಕಪ್ಪು ಇದೆ, ಕೇಸರಿ ಇಲ್ಲ ಅಂತ ಇದೆ, ಟ್ರ್ಯಾಕ್ಟರ್ ಸಹ ಇದೆ. ಬಿಳಿ ಇಲ್ಲ.

ಕಂಡಿರಲಿಲ್ಲವೋ, ಕಂಡೂ ಬರೆಯಲಿಲ್ಲವೋ. ಈಗ ಕಣ್ಣು ಮುಚ್ಚಿದರೆ ಬಿಳಿ ಸ್ಪಷ್ಟ ಕಾಣುತ್ತದೆ, ಎರಡೂ ಕಡೆ.

“ಕೇಸರಿ ಇಲ್ಲ” ಆದಮೇಲೆ ಆ ಸಾಲಿನಲ್ಲಿ ನಾಲ್ಕು ಪದ ಹಿಡಿಯುವಷ್ಟು ಜಾಗ. ಪೆನ್ನೂ ಅದೇ, ಶಾಯಿಯೂ ಅದೇ.

ಹುಡುಗ ಬೇವುಬೆಲ್ಲ ಹಿಡಿದು ಬಂದ. “ಕಾಕಾ, ನವೆಂಬರ್‌ಗೆ ಮತ್ತ ಬರ್ತೈತೇನ್ರಿ ಅದು?” ಅಂದ. ಪುಸ್ತಕ ಮಗುಚಿಟ್ಟು ಕೈ ಚಾಚಿದೆ.