ಸಾರಾ ಕೊಹೆನ್ ಹೊಲಿದ ಟೋಪಿ

ತುಕ್ಕಾನಟ್ಟಿಯಂಥ ಊರಿನ ಓದುಗರಿಗೆ ಟೋಪಿಯ ಮೇಲಿನ ಕಸೂತಿ ಎಂದೊಡನೆ ನೆನಪಾಗುವುದು ಕೂಸಿನ ಕುಲಾವಿ. ಬೆಳಗಾವಿ, ಧಾರವಾಡ ಸೀಮೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಎಣಿಸುತ್ತ, ಗಾವಂತಿ, ಮುರಗಿ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಿದ್ದರು. ಹೊಲಿದವಳ ಹೆಸರು ಮಾತ್ರ ಎಲ್ಲಿಯೂ ಉಳಿಯುತ್ತಿರಲಿಲ್ಲ. ಇಂಥ ಸೂಜಿಗೆಲಸವೊಂದು ತನ್ನ ಕರ್ತೃವಿನ ಹೆಸರನ್ನು ಉಳಿಸಿಕೊಂಡ ಅಪರೂಪದ ನಿದರ್ಶನ ಕೇರಳದ ಕೊಚ್ಚಿಯಲ್ಲಿದೆ. ವಸ್ತು, ಯೆಹೂದ್ಯರ ಕಿಪ್ಪಾ. ಕರ್ತೃ, ಸಾರಾ ಕೊಹೆನ್.

ಕಿಪ್ಪಾ ಎಂದರೆ ಹೀಬ್ರೂ ಭಾಷೆಯಲ್ಲಿ ಗುಮ್ಮಟ. ನೆತ್ತಿಯನ್ನು ಮುಚ್ಚುವಷ್ಟೇ ಅಗಲದ ಟೋಪಿಯಿದು. ದೇವರ ಸನ್ನಿಧಿಯಲ್ಲಿ ತಲೆ ಬರಿದಾಗಿರಬಾರದೆಂಬುದು ಅದರ ಹಿಂದಿನ ಭಾವ. ಎಲ್ಲ ಗಂಡಸರೂ ತಲೆ ಮುಚ್ಚಬೇಕೆಂಬ ನೇರ ವಿಧಿ ತೋರಾದಲ್ಲಿಲ್ಲ. ತಾಲ್ಮುಡ್ ಉಲ್ಲೇಖಿಸುವ ಶಿಷ್ಟರ ನಡೆ ಕಾಲಾಂತರದಲ್ಲಿ ಸಮುದಾಯದ ಸಂಪ್ರದಾಯವಾಯಿತು. ಶಾಸ್ತ್ರಕ್ಕಿಂತ ರೂಢಿ ಬಲವಾಗುವ ಈ ಕ್ರಮ ನಮ್ಮ ನಾಡಿನ ಮತಗಳಿಗೂ ಹೊಸತಲ್ಲ.

ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಅದರ ಎದುರಿನ ಬೀದಿಯ ತಮ್ಮ ಮನೆಯಲ್ಲಿಯೇ ಸಾರಾ ಕಸೂತಿಯ ಅಂಗಡಿ ನಡೆಸುತ್ತಿದ್ದರು. ಕಿಪ್ಪಾಗಳು, ಸಬ್ಬತ್ತಿನ ರೊಟ್ಟಿಯನ್ನು ಮುಚ್ಚುವ ವಸ್ತ್ರಗಳು, ಮೇಜಿನ ಹಾಸುಗಳು ಅಲ್ಲಿ ಸಿದ್ಧವಾಗುತ್ತಿದ್ದವು. ಆದರೆ ಅವುಗಳನ್ನು ಧರಿಸಬೇಕಾದ ತಲೆಗಳು ಆ ಬೀದಿಯಲ್ಲಿ ಕಡಿಮೆಯಾಗುತ್ತಲೇ ಹೋದವು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಚ್ಚಿಯ ಯೆಹೂದ್ಯರಲ್ಲಿ ಬಹುಪಾಲು ಜನ ಅಲ್ಲಿಗೆ ತೆರಳಿದರು.

ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಬೇಕು. ಅದಕ್ಕೆ ಮಿನ್ಯಾನ್ ಎಂದು ಹೆಸರು. ಈ ಹತ್ತರ ಲೆಕ್ಕ ಪರದೇಶಿ ಸಿನಗಾಗಿನಲ್ಲಿ ತುಂಬದಾಯಿತು. ಹೊರಗಿನಿಂದ ಬರುವ ಯೆಹೂದ್ಯ ಪ್ರವಾಸಿಗಳನ್ನೇ ಕಾಯಬೇಕಾಯಿತು. ಆ ಸಂಪ್ರದಾಯದ ಎಣಿಕೆಯಲ್ಲಿ ಹೆಂಗಸರು ಸೇರುವುದಿಲ್ಲ. ಹತ್ತು ತಲೆಗಳಿಗೂ ಟೋಪಿ ಹೊಲಿಯಬಲ್ಲವರು ಬಾಗಿಲಲ್ಲೇ ಇದ್ದರೂ ಹನ್ನೊಂದನೆಯವರಾಗಿಯೂ ಲೆಕ್ಕಕ್ಕೆ ಬರಲಿಲ್ಲ.

ಇತಿಹಾಸದ ಲೆಕ್ಕವೂ ಇದಕ್ಕಿಂತ ಉದಾರವೇನಲ್ಲ. ಸುಮಾರು ಕ್ರಿ.ಶ. 1000ರಲ್ಲಿ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ಕೊಟ್ಟ ತಾಮ್ರಪಟವನ್ನು ವಿದ್ವಾಂಸರು ಅಕ್ಷರ ಅಕ್ಷರವಾಗಿ ಓದಿದ್ದಾರೆ. ಓದಲೇಬೇಕಾದ ಶಾಸನವದು, ಸಂದೇಹವಿಲ್ಲ. ಆದರೆ ಅದು ಹೇಳುವುದು ದೊರೆಯೊಬ್ಬ ಕೊಟ್ಟ ಹಕ್ಕುಗಳನ್ನು. ಕೊಚ್ಚಿಯ ಯೆಹೂದ್ಯ ಹೆಂಗಸರು ಮಲಯಾಳದಲ್ಲಿ ಹಾಡಿಕೊಂಡು ಕೈಬರಹದ ಪುಸ್ತಕಗಳಲ್ಲಿ ಕಾಪಿಟ್ಟ ಹಾಡುಗಳಿಗೆ ವಿದ್ವಾಂಸರ ಗಮನ ದೊರೆತದ್ದು ಬಹಳ ತಡವಾಗಿ. ಕಸೂತಿಗಂತೂ ಲಿಪಿಯೇ ಇಲ್ಲ.

ಸಾರಾ ಮತ್ತು ಜೇಕಬ್ ಕೊಹೆನ್ ದಂಪತಿಗಳಿಗೆ ಮಕ್ಕಳಿರಲಿಲ್ಲ. ಅದೇ ಬೀದಿಯಲ್ಲಿ ಪ್ರವಾಸಿಗಳಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ತಾಹಾ ಇಬ್ರಾಹಿಂ ಎಂಬ ಮುಸ್ಲಿಂ ಹುಡುಗ ಅವರಿಗೆ ಹತ್ತಿರದವನಾದ. ತನ್ನ ತರುವಾಯ ಸಾರಾಳನ್ನು ನೋಡಿಕೊಳ್ಳಬೇಕೆಂದು ಜೇಕಬ್ ಕೇಳಿಕೊಂಡದ್ದು ಆತನನ್ನೇ. ತಾಹಾ ಆ ಮಾತನ್ನು ಕೊನೆಯವರೆಗೂ ನಡೆಸಿದರು. 2019ರ ಆಗಸ್ಟ್ 30ರಂದು, 96ನೆಯ ವಯಸ್ಸಿನಲ್ಲಿ ಸಾರಾ ತೀರಿಕೊಂಡರು. ಅಂಗಡಿ ಮುಚ್ಚಲಿಲ್ಲ. ಸಾರಾ ಹೆಸರಿನ ಫಲಕದ ಕೆಳಗೆ, ತಾಹಾ ಅವರ ಉಸ್ತುವಾರಿಯಲ್ಲಿ, ಕಿಪ್ಪಾಗಳ ಮಾರಾಟ ಮುಂದುವರಿಯಿತು.