ಪಟ್ಟಣಿಗನ ಬಿಡುವು

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಬಿಡುವಿನಲ್ಲಿ ಎರಡು ಬಗೆ. ಕೆಲಸವಿಲ್ಲದೆ ತಾನಾಗಿ ಬಂದೊದಗುವ ಬಿಡುವು ಒಂದು. ಕೆಲಸ ಮಾಡಿ ಸಂಪಾದಿಸಿಕೊಂಡ ಬಿಡುವು ಇನ್ನೊಂದು. ಹಳ್ಳಿಯ ರೈತನಿಗೆ ಮೊದಲನೆಯದರ ಪರಿಚಯವೇ ಹೆಚ್ಚು. ಕಡಲೆಕಾಯಿ ಕಿತ್ತು ಮನೆ ಸೇರಿಸಿದ ಮೇಲೆ ಮುಂದಿನ ಮಳೆಯವರೆಗೆ ಕೈಗೆ ಕೆಲಸವಿಲ್ಲ. ಆದರೆ ಕೈಯಲ್ಲಿ ಕಾಸೂ ಇಲ್ಲದಿರುವುದರಿಂದ ಆ ಬಿಡುವನ್ನು ಸುಖವೆಂದು ಯಾರೂ ಕರೆಯರು. ಪಟ್ಟಣಿಗನ ಬಿಡುವಾದರೋ ಗಡಿಯಾರಕ್ಕೆ ಕಟ್ಟಿದ್ದು. ಅದಕ್ಕೆ ಆರಂಭವುಂಟು, ಮುಕ್ತಾಯವುಂಟು, ಬಹುಮಟ್ಟಿಗೆ ಟಿಕೆಟ್ಟೂ ಉಂಟು. ಈ ಎರಡನೆಯ ಬಿಡುವಿನ ವಿಷಯವಾಗಿ, ಬೆಂಗಳೂರಿನಲ್ಲಿ ಮೂರು ವರ್ಷ ಓದುತ್ತ ನಾನು ಕಂಡುಕೊಂಡ ನಾಲ್ಕು ಮಾತುಗಳನ್ನು ವಾಚಕಮಿತ್ರರ ಮುಂದಿಡಬೇಕೆಂದಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು" ಎಂಬುದು ನಮ್ಮಪ್ಪನ ನಿತ್ಯಮಂತ್ರ. ಹಾಗೆಂದು ನಮ್ಮೂರಿನವರು ರಸಿಕರಲ್ಲವೆಂದಲ್ಲ. ಸುಗ್ಗಿ ಮುಗಿದರೆ 'ಕುರುಕ್ಷೇತ್ರ' ನಾಟಕ ಆಡಲೇಬೇಕು. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು, ಪಾತ್ರಕ್ಕಿಷ್ಟೆಂದು ತಮ್ಮ ಕೈಯಿಂದಲೇ ಹಣ ಹಾಕಿ, ಬಾಡಿಗೆಗೆ ತಂದ ಸೀನರಿಯ ಮುಂದೆ ಬೆಳಗಿನ ಜಾವದವರೆಗೆ ಹಾಡುತ್ತಾರೆ. ದುರ್ಯೋಧನನ ಪಾತ್ರಕ್ಕಾಗಿ ಕುರಿ ಮಾರಿದವರೂ ಉಂಟು. ಆದುದರಿಂದ ಅಪ್ಪನ ತಕರಾರು ನಾಟಕದ ಮೇಲಲ್ಲ. "ಆಡೋದಕ್ಕೆ ದುಡ್ಡು ಕೊಟ್ಟರೆ ಸರಿ, ಬರೀ ನೋಡೋದಕ್ಕೂ ದುಡ್ಡು ಕೊಡೋದೇನೋ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಜೀವಂತ ಉತ್ತರವಾಗಿರುವವರು ನನ್ನ ಸೋದರಮಾವ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರದ ಮುಂದೆ ನಿಂತು ದುಡಿಯುವ ಅವರ ಮನೆಯಲ್ಲಿಯೇ ನನ್ನ ಊಟ, ವಸತಿ. ೧೯೪೮ರ ಕಾರ್ಖಾನೆ ಕಾಯಿದೆಯು ಕೆಲಸವನ್ನು ವಾರಕ್ಕೆ ೪೮ ಗಂಟೆಗಳಿಗೆ ಮಿತಿಗೊಳಿಸಿ, ವಾರದಲ್ಲಿ ಒಂದು ದಿನ ರಜೆ ಕೊಡಬೇಕೆಂದು ವಿಧಿಸಿತು. ನಾವು ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೆವು. ಮಾವ ಅದರ ಲೆಕ್ಕದಲ್ಲಿಯೇ ಬಾಳಿದವರು. ಆ ಒಂದು ದಿನವನ್ನು ಅವರು ನಿದ್ದೆಗೆ ಕೊಡುವುದಿಲ್ಲ. ಚಲನಚಿತ್ರ, ನಾಟಕ, ಟೆನಿಸ್ ಈ ಮೂರಕ್ಕೆ ಅದು ಮೀಸಲು.

ಮೊದಲು ಚಲನಚಿತ್ರ. ಬೆಂಗಳೂರಿನಲ್ಲಿ ಇದರ ಮಹಿಮೆ ಎಷ್ಟೆಂದರೆ, ಬಸ್ಸು ರೈಲುಗಳು ಬಂದು ಸೇರುವ ಸ್ಥಳಕ್ಕೇ ಒಂದು ಚಿತ್ರಮಂದಿರದ ಹೆಸರು ನಿಂತಿದೆ: ಮೆಜೆಸ್ಟಿಕ್. ಆ ಮಂದಿರ ಈಗಿಲ್ಲ. ಹೆಸರು ಮಾತ್ರ ಕಂಡಕ್ಟರುಗಳ ಬಾಯಲ್ಲಿ ಉಳಿದಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿ ತೆರೆ ಕಂಡದ್ದು ಇದೇ ನಗರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಮಾವ ಊರು ಬಿಟ್ಟು ಬಂದ ಹೊಸದರಲ್ಲಿ ನೋಡಿದ್ದೆಲ್ಲ ಕಪಾಲಿಯಲ್ಲಿ. ಪರದೆಗೆ ಮೂಗು ತಾಗುವಷ್ಟು ಮುಂದಿನ ಗಾಂಧಿ ಕ್ಲಾಸಿನಲ್ಲಿ ಕುಳಿತು, ಕತ್ತು ಎತ್ತಿಕೊಂಡೇ ಮೂರು ಗಂಟೆ ಕಳೆಯುತ್ತಿದ್ದರಂತೆ. "ಬಾಲ್ಕನಿಯೋರೂ ನಾವೂ ಒಂದೇ ಮಾತಿಗೆ ನಗ್ತಿದ್ವಿ ಕಣೋ" ಎಂದು ಈಗಲೂ ಹೇಳುತ್ತಾರೆ. ೧೯೬೮ರಲ್ಲಿ ಆರಂಭವಾದ ಆ ಮಂದಿರ ೨೦೧೭ರಲ್ಲಿ ಮುಚ್ಚಿತು. ಈಗ ಮಾಲುಗಳಲ್ಲಿ ಗಾಂಧಿ ಕ್ಲಾಸಿಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಟಿಕೆಟ್ಟಿಗೆ ೨೦೦ ರೂಪಾಯಿಗಳ ಮಿತಿ ಹಾಕಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಕಾನೂನಿನ ವಾದ ಪ್ರತಿವಾದಗಳನ್ನು ಬಲ್ಲವರು ಹೇಳಲಿ. ಬಡವನ ಬಿಡುವಿಗೂ ಒಂದು ಬೆಲೆ ಕಟ್ಟಬೇಕಾಗಿ ಬಂತಲ್ಲ, ಅದಷ್ಟೇ ನಾನು ಗಮನಿಸಿದ್ದು.

ಇನ್ನು ನಾಟಕ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆಂದು ಕಟ್ಟಿದ ರವೀಂದ್ರ ಕಲಾಕ್ಷೇತ್ರ ೧೯೬೩ರಲ್ಲಿ ಸಿದ್ಧವಾಯಿತು. ಅಲ್ಲಿ ಹೊಸ ನಾಟಕಗಳಷ್ಟೇ ನಡೆಯುತ್ತವೆಂದು ಭಾವಿಸಬಾರದು. ನಮ್ಮ ಕಡೆಯ ಹಳ್ಳಿಗರು ಅದನ್ನು ಬಾಡಿಗೆಗೆ ಹಿಡಿದು ಅದೇ 'ಕುರುಕ್ಷೇತ್ರ'ವನ್ನು ಆಡುವುದೂ ಉಂಟು. ಜಯನಗರದ ಆಚೆ, ಜೆ.ಪಿ. ನಗರದಲ್ಲಿರುವ ರಂಗಶಂಕರದ ರೀತಿ ಬೇರೆ. ಶಂಕರನಾಗ್ ಅವರ ನೆನಪಿಗಾಗಿ ಅರುಂಧತಿ ನಾಗ್ ಅವರು ಶ್ರಮಪಟ್ಟು ಕಟ್ಟಿಸಿ ೨೦೦೪ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಬಿಡುತ್ತಾರೆ. ತಡವಾಗಿ ಬಂದವನು ಕಾರಿನಲ್ಲಿ ಬಂದರೂ ಒಂದೇ, ಬಸ್ಸಿನಲ್ಲಿ ಬಂದರೂ ಒಂದೇ, ಒಳಕ್ಕೆ ಬಿಡುವುದಿಲ್ಲ. ಕಾರ್ಖಾನೆಯ ಗೇಟಿನ ಶಿಸ್ತನ್ನು ಬಲ್ಲ ಮಾವನಿಗೆ ಈ ನಿಯಮ ಬಹಳ ಇಷ್ಟ. "ಇಲ್ಲಿ ಮ್ಯಾನೇಜರಿಗೂ ಇದೇ ಗೇಟು" ಎನ್ನುತ್ತಾರೆ.

ಹೋದ ವರ್ಷ ನಮ್ಮವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದಳು. ಕಣ್ಣು ವಾಸಿಯಾದ ಮೇಲೆ, "ಅಕ್ಕ, ಹೊಸ ಕಣ್ಣಲ್ಲಿ ಒಂದು ನಾಟಕ ನೋಡು ಬಾ" ಎಂದು ಮಾವ ಅವಳನ್ನೂ ನನ್ನನ್ನೂ ರಂಗಶಂಕರಕ್ಕೆ ಕರೆದೊಯ್ದರು. ದೀಪವಾರಿದಾಗ ಅವ್ವ ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಬಿಟ್ಟಳು. ನಾಟಕ ಮುಗಿದ ಮೇಲೆ ಅಲ್ಲಿಯ ಉಪಾಹಾರಗೃಹದಲ್ಲಿ ಅಕ್ಕಿ ರೊಟ್ಟಿ ತಿಂದೆವು. ಬೇರೆಯವರು ತಟ್ಟಿದ ರೊಟ್ಟಿಯನ್ನು ಅವಳು ಕುಳಿತು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಟಕ ಹೇಗಿತ್ತೆಂದು ಕೇಳಿದ್ದಕ್ಕೆ ಕಥೆಯ ಮಾತನ್ನೇ ಎತ್ತಲಿಲ್ಲ. "ಎರಡು ಗಂಟೆ ಹೊತ್ತು ನನ್ನ ಯಾರೂ ಏನೂ ಕೇಳಲಿಲ್ಲ ಕಣಪ್ಪ" ಎಂದಳು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಟೆನಿಸಿನ ವಿಚಾರಕ್ಕೆ ಬರೋಣ. ಪೀಣ್ಯದ ಕಾರ್ಮಿಕನಿಗೂ ಟೆನಿಸಿಗೂ ಎಲ್ಲಿಯ ನಂಟೆಂದು ವಾಚಕರು ಕೇಳಬಹುದು. ಮಾವ ಬೆಂಗಳೂರಿನಲ್ಲಿ ಹಿಡಿದ ಮೊದಲ ಕೆಲಸ ಒಂದು ಕ್ಲಬ್ಬಿನಲ್ಲಿ. ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುವುದು. ಆಟವನ್ನು ಗೆರೆಯ ಹೊರಗೆ ನಿಂತು ನೋಡಿ ಕಲಿತರು. ೨೦೦೮ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿಗೆ ಬಂದು, ಅಕ್ಕ ವೀನಸ್‌ಳನ್ನು ಸೆಮಿಫೈನಲಿನಲ್ಲಿ ಸೋಲಿಸಿ ಪ್ರಶಸ್ತಿ ಗೆದ್ದಾಗ, ಮಾವ ಮೊದಲ ಬಾರಿಗೆ ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕುಳಿತರಂತೆ.

ಈಗ ಕಬ್ಬನ್ ಪಾರ್ಕಿನ ಕ್ರೀಡಾಂಗಣದಲ್ಲಿ ಬೆಂಗಳೂರು ಓಪನ್ ನಡೆದಾಗ ನಾನೂ ಅವರ ಜೊತೆಗಾರ. ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಆಯಿತು. ಚೆಂಡು ಆಟದಲ್ಲಿರುವಾಗ ಯಾರೂ ಉಸಿರೆತ್ತಬಾರದು. ಕಬಡ್ಡಿಯ ಗದ್ದಲದಲ್ಲಿ ಬೆಳೆದ ನನಗೆ ಇದು ದೇವಸ್ಥಾನದಂತೆ ತೋರಿತು. ಇದು ಚಾಲೆಂಜರ್ ದರ್ಜೆಯ ಪಂದ್ಯಾವಳಿ. ಇಲ್ಲಿ ಆಡುವವರಲ್ಲಿ ಬಹುಮಂದಿ ಜಗತ್ಪ್ರಸಿದ್ಧರಲ್ಲ. ಊರೂರು ಸುತ್ತುತ್ತ, ತಮ್ಮ ಚೀಲ ತಾವೇ ಹೊತ್ತು, ಗೆದ್ದ ಅಂಕಗಳಿಂದ ಶ್ರೇಯಾಂಕ ಏರಿಸಿಕೊಳ್ಳುವವರು. ೨೦೧೭ರಲ್ಲಿ ಇಲ್ಲಿ ಗೆದ್ದ ಸುಮಿತ್ ನಾಗಲ್, ೨೦೧೯ರ ಅಮೆರಿಕನ್ ಓಪನ್‌ನಲ್ಲಿ ರೋಜರ್ ಫೆಡರರ್‌ನಿಂದಲೇ ಮೊದಲ ಸೆಟ್ ಕಿತ್ತುಕೊಂಡನು. "ನಮಗೆ ಇದು ರಜೆ, ಇವರಿಗೆ ಇದು ಶಿಫ್ಟು" ಎಂದು ಮಾವ ಹೇಳಿದ್ದು ಸತ್ಯವಾದ ಮಾತು. ಒಬ್ಬನ ಬಿಡುವಿನ ಹಿಂದೆ ಇನ್ನೊಬ್ಬನ ದುಡಿಮೆ ಇದ್ದೇ ಇರುತ್ತದೆ.

ಆಟವನ್ನು ದುಡಿಮೆಯೆಂದು ಲೋಕ ಒಪ್ಪಿಕೊಂಡದ್ದೂ ಸುಲಭವಾಗಿ ಅಲ್ಲ. ಹಣಕ್ಕಾಗಿ ಆಡುವ ವೃತ್ತಿಪರರಿಗೆ ವಿಂಬಲ್ಡನ್ ಚಾಂಪಿಯನ್‌ಷಿಪ್ಪಿನ ಬಾಗಿಲು ತೆರೆದದ್ದು ೧೯೬೮ರಲ್ಲಿ. ಅದಕ್ಕೆ ಮುಂಚೆ, ಹೊಟ್ಟೆಪಾಡಿಗೆ ಬೇರೆ ದಾರಿಯಿದ್ದವನೇ ಅಲ್ಲಿ ಮರ್ಯಾದೆಯ ಆಟಗಾರ. ಬಾಗಿಲು ತೆರೆದ ಆ ವರ್ಷವೂ ಪುರುಷರ ಸಿಂಗಲ್ಸ್ ಗೆದ್ದ ರಾಡ್ ಲೇವರ್‌ಗೆ ೨,೦೦೦ ಪೌಂಡು, ಮಹಿಳೆಯರ ಸಿಂಗಲ್ಸ್ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ ೭೫೦ ಪೌಂಡು. ಅಲ್ಲಿ ಇಬ್ಬರ ಬಹುಮಾನ ಸಮನಾಗುವುದಕ್ಕೆ ೨೦೦೭ ಬರಬೇಕಾಯಿತು.

ಈ ಲೆಕ್ಕ ಓದಿದಾಗ ನನ್ನ ಕಣ್ಣು ಹೋದದ್ದು ಮಾವನ ಮನೆಯ ಅಡುಗೆಮನೆಯ ಕಡೆಗೆ. ಮಾವನಿಗೆ ರಜೆಯಾದ ದಿನ ಅತ್ತೆಗೆ ಕೆಲಸ ಹೆಚ್ಚು. ಬೆಳಿಗ್ಗೆ ತಿಂಡಿ, ನಾವು ಹೊರಗೆ ಹೋಗುವುದಕ್ಕೆ ಬುತ್ತಿ, ರಾತ್ರಿ ಬಂದೊಡನೆ ಬಿಸಿ ಸಾರು. ಕಾರ್ಖಾನೆ ಕಾಯಿದೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಮಾವನ ಬಿಡುವು ಕಾಯಿದೆಯಿಂದ ಬಂದುದು ಅರ್ಧ. ಉಳಿದರ್ಧ ಅತ್ತೆಯ ಕೈಯಿಂದ ಬಂದುದು. ಅವ್ವನ ಮಾತನ್ನು ಮಾವನಿಗೆ ನೆನಪಿಸಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುದ್ದೆ ತಿರುವೋಕೆ ನಿನಗೆ ಬರುತ್ತೇನೋ?" ಎಂದರು. ಈಗ ತಿಂಗಳಿಗೊಂದು ಭಾನುವಾರ ಒಲೆಯ ಮುಂದೆ ನಾವಿಬ್ಬರು. ಅತ್ತೆ ಪಕ್ಕದ ಮನೆಯವರೊಡನೆ ಚಿತ್ರಕ್ಕೆ ಹೋಗಿಬರುತ್ತಾರೆ. ನಮ್ಮ ಮುದ್ದೆಯಲ್ಲಿ ಇನ್ನೂ ಗಂಟು ಹೋಗಿಲ್ಲ. ಅತ್ತೆಯ ಮುಖದಲ್ಲಿದ್ದ ಗಂಟು ಸ್ವಲ್ಪ ಸಡಿಲಿದೆ.

ಅಪ್ಪನ ಪ್ರಶ್ನೆಗೆ ನನ್ನ ಉತ್ತರವಿಷ್ಟು. ನೋಡುವುದಕ್ಕೆ ಕೊಡುವ ದುಡ್ಡು ಪರದೆಗಾಗಲಿ ಚೆಂಡಿಗಾಗಲಿ ಕೊಡುವುದಲ್ಲ; ಯಾರ ಆಳೂ ಆಗದೆ, ಯಾರ ಕರೆಗೂ ಏಳದೆ, ತಾನು ತಾನಾಗಿ ಕುಳಿತಿರುವ ಎರಡು ಗಂಟೆಗಳಿಗೆ ಕೊಡುವುದು. ದುಡಿದವನಿಗೆ ಅದು ಶೋಕಿಯಲ್ಲ, ಕೂಲಿಯ ಒಂದು ಭಾಗ. ಇನ್ನು ಕೆಲವೇ ದಿನಗಳಲ್ಲಿ ಪದವಿ ಪಡೆದು ಕೆಲಸ ಅರಸಿ ಹೊರಡಲಿರುವ ಮಿತ್ರರೇ, ಸಂಬಳವೆಷ್ಟೆಂದು ಕೇಳುವಾಗ ಬಿಡುವೆಷ್ಟೆಂದೂ ಕೇಳೋಣ. ಅದೇ ಪ್ರಶ್ನೆಯನ್ನು ನಮ್ಮ ನಮ್ಮ ಮನೆಯ ಹೆಂಗಸರ ಪರವಾಗಿ ನಮ್ಮನ್ನು ನಾವೇ ಕೇಳಿಕೊಳ್ಳೋಣ.